ಹಸಿ ಬೇವಿನೆಲೆ

"ಆಪಾ, ಮಗ್ಗ ನಿಲ್ಲಸ! ನನ್ನ ನೋಡ!"

ಆಫ್ರೀನ ಲಾಳಿ ಹಿಡಿದು ತಲೆಯೆತ್ತಿದಳು. ಅರ್ಧ ನೇಯ್ದ ಕುಪ್ಪಸದ ಖಣದ ಆಚೆ ತಂಗಿ ಸಾಯಿಮಾ ಯುನಿಫಾರ್ಮ್ ಹಾಕಿಕೊಂಡು ಜಿಗಿಯುತ್ತಿದ್ದಳು. ಸ್ಕರ್ಟು ಮೊಣಕಾಲಿಗಿಂತ ಒಂದು ಗೇಣು ಮೇಲಿತ್ತು.

"ಅಯ್ಯ, ಯಾವ ಗೊಂಬಿ ಅಂಗಿ ಇದು? ಒಂದೂವರಿ ವರ್ಷ ಬರೇ ರೊಟ್ಟಿ ತಿಂದಿ ಏನ?"

"ಸೋಮವಾರ ಸಾಲಿ ಸುರು ಆಪಾ! ಹಿಂಗ ಹೋದ್ರ ನಮ್ಮ ಕ್ಲಾಸಿನ ತಸ್ಲೀಮಾ ಹಲ್ಲ ಕಿಸಿತಾಳ."

ಕೊರೊನಾ ಬಂದು ಶಾಲೆ ಮುಚ್ಚಿದಾಗ ಸಾಯಿಮಾ ನಾಲ್ಕನೇ ತರಗತಿ. ಈಗ ಸೀದಾ ಆರನೆಯದು!

ಆಫ್ರೀನಳ ಹೈಸ್ಕೂಲು ಎರಡು ವಾರ ಮೊದಲೇ ತೆರೆದಿತ್ತು. ಅವಳು ಹೋಗಿರಲಿಲ್ಲ. ಕೊರೊನಾ ಬಂದು ಹೋದ ಮೇಲೆ ಅಬ್ಬಾಗೆ ಮಗ್ಗ ತುಳಿದರೆ ದಮ್ಮು ಹತ್ತುತ್ತಿತ್ತು. ಅಂದಿನಿಂದ ಮಗ್ಗಕ್ಕೆ ಕೂತವಳು ಅವಳೇ. ಈಗೀಗ ಅಬ್ಬಾ ಬೆಳಿಗ್ಗೆ ಎರಡು ತಾಸು ತಾವೇ ನೇಯುತ್ತಾರೆ. ಆದರೂ ಹೈಸ್ಕೂಲಿನ ರಮಾಬಾಯಿ ಟೀಚರ್ ಮನೆಗೆ ಬಂದು, "ಹತ್ತನೇತ್ತಾಗ ನಿನ್ನ ಹೆಸರು ಇನ್ನೂ ಐತಿ, ಬಾರವಾ" ಎಂದಾಗ ಆಫ್ರೀನ, "ಒಲ್ಲೆನ್ರಿ ಟೀಚರ್, ನನಗ ಸಾಲಿ ಬ್ಯಾಸರ ಆಗೇತಿ" ಎಂದುಬಿಟ್ಟಿದ್ದಳು.

ಸಾಯಿಮಾ ಅದನ್ನು ನಂಬಿದ್ದಳು.

"ಟ್ರಂಕಿನ ತಳದಾಗ ನನ್ನ ಹೈಸ್ಕೂಲಿನ ನೀಲಿ ಚೂಡಿದಾರ ಐತಿ. ಕತ್ರಿನೂ ತಾ. ಅದನ್ನ ಹರದು ನಿನ್ನ ಸ್ಕರ್ಟಿಗೆ ಪಟ್ಟಿ ಹಚ್ಚತೇನಿ," ಎಂದಳು ಆಫ್ರೀನ.

ಸಾಯಿಮಾ ಒಳಗೆ ಓಡಿದಳು. ಟ್ರಂಕಿನ ಬಟ್ಟೆಗಳ ನಡುವೆ ಇಟ್ಟಿದ್ದ ಬೇವಿನೆಲೆಯೆಲ್ಲ ಒಣಗಿ ಪುಡಿಯಾಗಿತ್ತು. ತಳದಲ್ಲಿ, ಪೇಪರಿನಲ್ಲಿ ಸುತ್ತಿದ ಚೂಡಿದಾರ. ಅದರ ಮಡಿಕೆ ಬಿಚ್ಚಿದವಳು ಹಾಗೇ ನಿಂತಳು.

ಇಲ್ಲಿ ಮಾತ್ರ ಎಲೆ ಹಸಿರಾಗಿತ್ತು. ನಿನ್ನೆಯೋ ಮೊನ್ನೆಯೋ ಕಿತ್ತಿಟ್ಟಂತಿತ್ತು.

ಬೇಡವಾದ ಬಟ್ಟೆಗೆ ಯಾರಾದರೂ ಹೊಸ ಎಲೆ ಇಡುತ್ತಾರೆಯೇ?

ಸಾಯಿಮಾ ಬಟ್ಟೆಯನ್ನು ಇದ್ದಂತೆಯೇ ಮಡಚಿಟ್ಟು, ಕತ್ತರಿ ಹಿಡಿದು ಹೊರಗೆ ಬಂದಳು.

"ಚೂಡಿದಾರ ಎಲ್ಲಿ?"

"ಬ್ಯಾಡ ಆಪಾ. ಸ್ಕರ್ಟಿನ ಮಡಿಕಿ ಬಿಚ್ಚು, ಸಾಕು. ಒಳಗ ಪ್ಯಾಂಟ್ ಹಾಕ್ಕೋತೇನಿ."

"ಹಳೇ ಗೆರಿ ಕಾಣತೈತಿ. ತಸ್ಲೀಮಾ ನಕ್ರ?"

"ನಾನೂ ನಗತೇನಿ. ಆಕಿನೂ ಉದ್ದ ಆಗಿರ್ತಾಳಲ್ಲ!"

ಆಫ್ರೀನ ನಗುತ್ತ ಹೊಲಿಗೆ ಬಿಚ್ಚತೊಡಗಿದಳು. ಸಾಯಿಮಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೋಮವಾರ ಅರ್ಧ ತಾಸು ಮುಂಚೆ ಹೊರಡಬೇಕು. ಹೈಸ್ಕೂಲು ದಾಟಿಯೇ ಅವಳ ಶಾಲೆಗೆ ದಾರಿ. ರಮಾಬಾಯಿ ಟೀಚರ್ ಬೇಗ ಬಂದಿರುತ್ತಾರೆ.

"ಯಾಕ ಒಬ್ಬಾಕಿನ ನಗಾಕತ್ತಿ?"

"ಏನಿಲ್ಲ ಆಪಾ."

ಅವಳ ಮುಷ್ಟಿಯೊಳಗೆ ಒಂದು ಹಸಿ ಬೇವಿನೆಲೆ ಇತ್ತು. ಟೀಚರಿಗೆ ತೋರಿಸಲು.