ಕಿಟಕಿಯಲ್ಲಿದ್ದ ಗಾಳದ ದಾರ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಗಾಳದ ಅಂಗಡಿಯ ಗಲ್ಲಾದ ಮೇಲೆ ತೂಗುತ್ತಿದ್ದ ಮರದ ಮೀನು ಕಳಚಿ ಯಜಮಾನರ ತಲೆಯ ಮೇಲೆ ಬಿತ್ತು. ಹನ್ನೆರಡು ಕಿಲೋ ತೂಕದ ಮೀನು! ನಾನು ಹೋಗುವಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿತ್ತು. ಕುರ್ಚಿಯ ಬೆನ್ನು ಮುರಿದಿತ್ತು. ಮೀನು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮಗ್ಗುಲಾಗಿ ಮಲಗಿತ್ತು.

ನಾನು ಅಲ್ಲಿನ ಠಾಣೆಯ ಸಬ್‌ಇನ್ಸ್‌ಪೆಕ್ಟರ್. ಕೇಸು ಹತ್ತೇ ನಿಮಿಷದಲ್ಲಿ ಮುಗಿಯಿತೆಂದುಕೊಂಡೆ. ಮೀನನ್ನು ಕಟ್ಟಿದ್ದು ಮನೆಯ ಹಿರಿಸೊಸೆ — ಏಳು ವರ್ಷದ ಹಿಂದೆ, ಅಂಗಡಿಯದೇ ನೈಲಾನ್ ದಾರದಲ್ಲಿ. ದಾರ ಹಳತಾಯಿತು, ಹರಿಯಿತು. ನಿರ್ಲಕ್ಷ್ಯ. ಮುದುಕರು ಉಳಿಯದಿದ್ದರೆ ಅವಳಿಗೆ ಜೈಲೇ ಗತಿ.

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಅಂಗಡಿ ನಡೆಸುತ್ತಿದ್ದವಳು ಅವಳೇ.

"ನಾನೇ ಕಟ್ಟಿದ್ದು ಸಾರ್. ಇಲ್ಲ ಅನ್ನಲ್ಲ," ಎಂದಳು.

ಅವಳ ಮೈದುನ ಅಡ್ಡ ಬಂದ. "ಅತ್ತಿಗೇನ ಬಿಟ್ಬಿಡಿ ಸಾರ್. ಹಳೇ ದಾರ, ಯಾರ ತಪ್ಪೂ ಅಲ್ಲ. ನೋಡಿ, ಹೆಂಗೆ ಪುಡಿಪುಡಿ ಆಗಿದೆ!"

ನಿಜ. ಹರಿದ ದಾರ ಬಿಳಿಚಿಕೊಂಡಿತ್ತು; ಮುಟ್ಟಿದರೆ ಬೆರಳಿಗೆ ಸುಣ್ಣದಂಥ ಪುಡಿ ಮೆತ್ತುತ್ತಿತ್ತು. ಇಂಥ ಮೈದುನ ಎಲ್ಲರಿಗೂ ಸಿಗಲಿ ಅನ್ನಿಸಿತು ನನಗೆ.

ಹಿಂದಿನ ಕೋಣೆಯಲ್ಲಿ ಗಾಳ ರಿಪೇರಿ ಮಾಡುವ ಮೇಸ್ತ್ರಿ ಇನ್ನೊಂದು ಸುದ್ದಿ ಕೊಟ್ಟ. "ಹೋದ ವಾರ ಯಜಮಾನ್ರು ಅಂಗಡೀನ ಸೊಸೆ ಹೆಸರಿಗೆ ಬರೀತೀನಿ ಅಂದ್ರು."

ಓಹೋ! ಹಾಗಾದರೆ ಬರೀ ನಿರ್ಲಕ್ಷ್ಯವೋ, ಬೇರೇನಾದರೂ ಇದೆಯೋ? ನಾನು ಸೊಸೆಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು.

ನನ್ನ ಸೋದರತ್ತೆಯನ್ನು ಕರೆಸಿ ನಡೆದದ್ದನ್ನೆಲ್ಲ ಹೇಳಿದೆ. ಬಲೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದಾರವನ್ನು ಎಳೆದೆಳೆದು ಬಲ ನೋಡಿದವಳು. ಹಳೆಯ ದಾರ ಹರಿಯುತ್ತದೆ ಎಂದು ಒಂದು ಸಾಲು ಬರೆದುಕೊಟ್ಟರೆ ನನಗೆ ಸಾಕಿತ್ತು. ಅತ್ತೆ ತುಂಡನ್ನು ಬೆಳಕಿಗೆ ಹಿಡಿದಳು.

"ಇದು ಹಳೇದಾಗಿ ಹರಿದಿದ್ದಲ್ಲ ಕಣೋ. ಬಿಸಿಲು ತಿಂದಿದ್ದು."

"ಎರಡೂ ಒಂದೇ ಅಲ್ವಾ ಅತ್ತೆ?"

"ನಿನ್ನ ತಲೆ! ಮೇಲೆ ನೋಡು. ಅಲ್ಲಿ ಬಿಸಿಲು ಎಲ್ಲಿ ಬೀಳತ್ತೆ?"

ನೋಡಿದೆ. ಕಪ್ಪು ತೊಲೆ, ಕೊಕ್ಕೆ, ಹಗಲಲ್ಲೂ ಉರಿಯುವ ಬಲ್ಬು. ಬಿಸಿಲು ಆ ಮೂಲೆಗೆ ತಲೆ ಹಾಕಿಯೂ ಮಲಗುವಂತಿರಲಿಲ್ಲ.

"ಅವತ್ತು ಮೀನು ಕಟ್ಟಿ ಉಳಿದ ದಾರ ಇದೆಯೇನಮ್ಮ?" ಅತ್ತೆ ಸೊಸೆಯನ್ನು ಕೇಳಿದಳು.

ಅದು ಕೆಳಗಿನ ಡ್ರಾಯರಿನಲ್ಲಿ ಕಾಗದ ಸುತ್ತಿಕೊಂಡು ಕೂತಿತ್ತು. ಏಳು ವರ್ಷದ ಅದೇ ರೀಲು. ಸುರುಳಿ ಹಿಡಿದಿತ್ತು, ಆದರೆ ಹೊಳಪು ಹೋಗಿರಲಿಲ್ಲ. ಅತ್ತೆ ಮೀನಿನ ಬೆನ್ನಿನ ಹಳೆಯ ಗಂಟನ್ನು ಬಿಚ್ಚಿಟ್ಟುಕೊಂಡು, ಮೊದಲಿನಂತೆಯೇ ನಾಲ್ಕು ಎಳೆ ಹಾಕಿಸಿ, ಮೇಸ್ತ್ರಿಯ ಕೈಯಲ್ಲಿ ಮೀನನ್ನು ಮತ್ತೆ ಕೊಕ್ಕೆಗೆ ಏರಿಸಿದಳು. ಎಲ್ಲರೂ ಹಿಂದೆ ಸರಿದೆವು. ಅತ್ತೆ ಅದರ ಬಾಲ ಹಿಡಿದು ಜೋತುಬಿದ್ದಳು!

ದಾರ ಜಗ್ಗಲಿಲ್ಲ.

"ಕತ್ತಲಲ್ಲಿ, ತಂಪಲ್ಲಿ ಇಟ್ರೆ ಏಳು ವರ್ಷ ಏನು, ಇನ್ನೂ ಬರತ್ತೆ. ಬಿಸಿಲಿಗಿಟ್ರೆ ಎರಡು ಮೂರು ವರ್ಷಕ್ಕೇ ಹಿಟ್ಟು. ಈ ಹುಡುಗಿ ಕಟ್ಟಿದ ದಾರಾನ ಯಾರೋ ಬಿಚ್ಚಿ ಬೇರೆ ಕಟ್ಟಿದ್ದಾರೆ. ಏಣಿ ಹತ್ತಿದವರು ಯಾರು?"

"ನಾನು ಶುಕ್ರವಾರ ಫ್ಯಾನಿಗೆ ಎಣ್ಣೆ ಹಾಕ್ದೆ," ಮೇಸ್ತ್ರಿ ಗೊಣಗಿದ.

"ನಾನು ಶನಿವಾರ ಅಂಗಡಿ ಮುಚ್ಚೋ ಹೊತ್ತಿಗೆ ಬಲ್ಬ್ ಬದಲಾಯಿಸ್ದೆ. ಅದಕ್ಕೇನೀಗ?" ಮೈದುನ ಕೇಳಿದ.

ಅತ್ತೆ ಬೀದಿಯ ಕಡೆಗಿನ ಕಿಟಕಿಗೆ ಹೋದಳು. ಅಲ್ಲೊಂದು ದೊಡ್ಡ ರೀಲು ಪ್ರದರ್ಶನಕ್ಕಿತ್ತು. ನಾನು ಬಂದಾಗಲೇ ಕಣ್ಣಿಗೆ ಬಿದ್ದಿತ್ತು: ಅಕ್ಷರವೆಲ್ಲ ಅಳಿಸಿಹೋದ ಲೇಬಲ್, ಹೊಳೆಯುವ ಹಸಿರು ದಾರ.

"ಇದನ್ನ ಯಾರು ಮುಟ್ತಾರೆ?"

"ಯಾರೂ ಮುಟ್ಟಲ್ಲಮ್ಮ," ಎಂದಳು ಸೊಸೆ. "ನನ್ನ ಮದುವೆಗೆ ಮುಂಚಿಂದ ಅಲ್ಲೇ ಇದೆ. ಸತ್ತ ದಾರ, ಯಾರಿಗೂ ಕೊಡಬೇಡಿ ಅಂತ ಮಾವ ಹೇಳಿದ್ದಾರೆ."

"ನಾನಂತೂ ಆ ಕಡೆ ಹೋಗಿ ಎಷ್ಟೋ ವರ್ಷ ಆಯ್ತು," ಎಂದ ಮೈದುನ. ಮೇಸ್ತ್ರಿಯೂ ತಲೆಯಾಡಿಸಿದ.

ಅತ್ತೆ ಇದ್ದಕ್ಕಿದ್ದಂತೆ ತನ್ನ ಕೈಚೀಲ ಎತ್ತಿ ತೋರಿಸಿದಳು. "ಇದರ ಹಿಡಿ ಕಿತ್ಹೋಗಿದೆ. ಮೂರೂ ಜನ ಡ್ರಾಯರಿನ ರೀಲಿಂದ ಒಂದೊಂದು ಮಾರು ದಾರ ಕತ್ತರಿಸಿ ಕೊಡಿ."

ನನಗೆ ನಾಚಿಕೆಯಾಯಿತು. ಒಬ್ಬರು ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದಾರೆ, ಇವಳಿಗೆ ಚೀಲದ ಚಿಂತೆ!

ಸೊಸೆ ಕೊರಳಿನ ದಾರದಲ್ಲಿದ್ದ ನೇಲ್ ಕಟರ್‌ನಿಂದ ಟಕ್ಕನೆ ಕತ್ತರಿಸಿದಳು. ಮೇಸ್ತ್ರಿ ಹಲ್ಲಿನಿಂದ ಕಚ್ಚಿದ.

"ಈ ವಯಸ್ಸಲ್ಲೂ ಹಲ್ಲಾ?"

"ಇರೋವರೆಗೆ ದುಡಿಸ್ಕೊಳ್ಳೋದಮ್ಮ."

ಮೈದುನ ಜೇಬಿನಿಂದ ಲೈಟರ್ ತೆಗೆದು ದಾರಕ್ಕೆ ಹಿಡಿದ. ದಾರ ಕರಗಿ ಎರಡಾಯಿತು. ಎರಡೂ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಗುಂಡು. "ಹಿಂಗೆ ಮಾಡಿದ್ರೆ ಗಂಟು ಜಾರಲ್ಲ," ಎಂದ, ಹೆಮ್ಮೆಯಿಂದಲೇ.

"ಜಾರಲ್ಲ, ನಿಜ," ಎಂದಳು ಅತ್ತೆ. ಕಿಟಕಿಯ ರೀಲನ್ನು ತಂದು ಅವನ ಮುಂದಿಟ್ಟಳು. ಅದರ ತುದಿಯನ್ನು ಉಗುರಿನಿಂದ ಎತ್ತಿ ಹಿಡಿದಳು.

ಸಾಸಿವೆಯಷ್ಟು ಕಪ್ಪು ಗುಂಡು!

"ಲೇಬಲ್ ಬಿಸಿಲಿಗೆ ಬೆಳ್ಳಗಾಗಿದೆ. ಪಕ್ಕದಲ್ಲೇ ಇರೋ ದಾರ ಮಾತ್ರ ಮದುವಣಗಿತ್ತಿ ಥರ ಹೊಳೀತಿದೆ. ಹೆಂಗೆ? ಬಿಸಿಲು ತಿಂದ ಮೇಲಿನ ಪದರಾನ ಯಾರೋ ಬಿಚ್ಕೊಂಡಿದ್ದಾರೆ. ಕೆಳಗಿಂದು ಈಗ ಬೆಳಕು ಕಂಡಿದೆ. ಮೀನಿನ ಬೆನ್ನಲ್ಲಿ ಉಳಿದಿದ್ದ ಗಂಟನ್ನೂ ತೆಗೆದಿಟ್ಟಿದೀನಿ. ಅದರ ತುದೀಲೂ ಇದೇ ಗುಂಡು. ಶನಿವಾರ ಮುಚ್ಚೋ ಹೊತ್ತಿಗೆ ನೀನು ಕಟ್ಟಿದೆ. ಭಾನುವಾರ ಅಂಗಡಿ ಮುಚ್ಚಿತ್ತು. ಇವತ್ತು ಒಂಬತ್ತಕ್ಕೆ ಫ್ಯಾನ್ ಹಾಕಿದ್ರು, ಮೀನು ತೂಗಾಡ್ತು, ಕಾಲು ಗಂಟೆ ತಡೀತು. ದಾರ ಹಳೇದು ಅಂತ ಎಲ್ಲರಿಗಿಂತ ಮೊದಲು ಹೇಳಿದ್ದೂ ನೀನೇ ಅಲ್ವೇನಪ್ಪ?"

ಮೈದುನನ ಮುಖ ಬಿಳಿಚಿತು. "ಏನ್ ಮಾತಾಡ್ತೀರಿ? ಅವರು ನಮ್ಮಪ್ಪ! ನಮ್ಮಪ್ಪನ್ನ ನಾನು ಕೊಲ್ತೀನಾ?"

ಅವನು ಅತ್ತೇಬಿಟ್ಟ. ಆ ಅಳು ಸುಳ್ಳಾಗಿರಲಿಲ್ಲ. ಅದೇ ನನ್ನನ್ನು ಗಲಿಬಿಲಿಗೊಳಿಸಿತು.

"ಅಪ್ಪನ್ನ ಅಂತ ನಾನೆಲ್ಲಿ ಹೇಳಿದೆ?" ಅತ್ತೆಯ ದನಿ ತಗ್ಗಿತು. "ದಿನಾ ಒಂಬತ್ತಕ್ಕೆ ಆ ಕುರ್ಚೀಲಿ ಕೂರೋದು ಯಾರು?"

ಸೊಸೆಯೇ ಬಾಯಿಬಿಟ್ಟಳು.

"ನಾನು... ಇವತ್ತು ಗಾಳದ ಪೆಟ್ಟಿಗೆ ಬಂತು ಅಂತ ಬಾಗಿಲಿಗೆ ಹೋದೆ. ನೀನು ಹೋಗಮ್ಮ, ನಾನು ಕೂತಿರ್ತೀನಿ ಅಂದ್ರು ಮಾವ." ಅವಳು ಮೈದುನನ ಕಡೆ ತಿರುಗಿದಳು. "ನನಗೆ ಇಟ್ಟಿದ್ದೇನೋ ಅದು?"

ಅವನ ಕೈಯಲ್ಲಿದ್ದ ಲೈಟರ್ ಕೆಳಗೆ ಬಿತ್ತು.

ಆಗಲೇ ನನ್ನ ಫೋನ್ ಬಡಿದುಕೊಂಡಿತು. ಆಸ್ಪತ್ರೆಯಿಂದ ನನ್ನ ಪೇದೆ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಸಾರ್, ಯಜಮಾನ್ರಿಗೆ ಎಚ್ಚರ ಆಯ್ತು. ಜೀವಕ್ಕೇನೂ ಭಯ ಇಲ್ವಂತೆ. ಒಂದೇ ಮಾತು ಹೇಳ್ತಿದ್ದಾರೆ ಸಾರ್ — ಸೊಸೆ ಹೆದರ್ಕೊಂಡಿರ್ತಾಳೆ, ಅವಳನ್ನ ಒಬ್ಬಳನ್ನೇ ಬಿಡಬೇಡ, ಜೊತೇಲೇ ಇರು ಅಂತ ಚಿಕ್ಕವನಿಗೆ ಹೇಳ್ಬೇಕಂತೆ."

ಮೈದುನ ಮುರಿದ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಕೂತ. ನಾನು ಸೊಸೆಯ ಮೇಲೆ ಕೇಸಿಗೆಂದು ಬರೆದಿಟ್ಟಿದ್ದ ಕಾಗದ ಹರಿದುಹಾಕಿ ಅವನನ್ನು ಎಬ್ಬಿಸಿದೆ. ಬಾಗಿಲು ದಾಟುವಾಗ ಅವನು ತಿರುಗಿ ನೋಡಿದ.

"ಅತ್ತಿಗೆ, ಅಪ್ಪಂಗೆ ಏನಂತ ಹೇಳ್ತೀರಿ?"

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಫೋನಿಗಾಗಿ ಕೈ ಚಾಚಿದಳು. "ನಾನು ಬರ್ತಾ ಇದೀನಿ ಅಂತ ಹೇಳ್ತೀನಿ. ಇವತ್ತಿಗೆ ಅಷ್ಟು ಸಾಕು."