ಹಂಪೇಶರ ಕೈಗುಣ

"ಈ ಬ್ರದರ್ ಕೈಗುಣ ಹೋತವಾ," ಎಂದ ಜನರಲ್ ವಾರ್ಡಿನ ಜಂಬಪ್ಪಜ್ಜ, ತೋಳು ತಿಕ್ಕಿಕೊಳ್ಳುತ್ತಾ. "ಮೊದ್ಲ ಸೂಜಿ ಹೋಗಿದ್ದ ಗೊತ್ತಾಗ್ತಿರಲಿಲ್ಲ. ಈಗ ನೋಡು, ಎತ್ತಿಗೆ ಚುಚ್ಚಿದಂಗ ಚುಚ್ತಾನ."

ನಾನು ನೆಲ ಒರೆಸುತ್ತಿದ್ದೆ. ಹೊಸಪೇಟೆಯ ಆ ಖಾಸಗಿ ಆಸ್ಪತ್ರೆಯಲ್ಲಿ ನಾನು ಆಯಾ. ಶಾಲೆ ಅರ್ಧಕ್ಕೆ ಬಿಟ್ಟು ಕಂಪ್ಲಿಯಿಂದ ಬಂದವಳು. ಮಾತಾಡುವುದಕ್ಕಿಂತ ನೋಡುವುದೇ ನನಗೆ ರೂಢಿ.

ಹಂಪೇಶ್ ಅಲ್ಲಿಯ ನರ್ಸ್. ಎಲ್ಲರೂ ಅವರನ್ನು ಬ್ರದರ್ ಎನ್ನುತ್ತಿದ್ದರು. ನನಗೆ ಮಾತ್ರ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ಎದುರಿಗೆ ಹೋಗಿ ನಿಲ್ಲುತ್ತಿದ್ದೆ, ಅವರೇ ತಲೆಯೆತ್ತಿ ನೋಡುವವರೆಗೆ.

ಮೊದಲು ಅವರು ಗಾಯ ಕಟ್ಟುವುದನ್ನು ನೋಡಬೇಕಿತ್ತು. ಗಣಿ ಲಾರಿಯವರ ಕಾಲಿನ ಕೆಂಪು ಧೂಳು ತೊಳೆದು, ಊರು ಯಾವುದು, ಹೆಂಡತಿ ಏನು ಅಡುಗೆ ಮಾಡುತ್ತಾಳೆ ಎಂದು ವಿಚಾರಿಸುತ್ತಲೇ ಬಟ್ಟೆ ಸುತ್ತಿ, ಕೊನೆಗೆ ಮೊಲದ ಕಿವಿಯಂತೆ ಎರಡು ತುದಿ ಬಿಟ್ಟು ಗಂಟು ಹಾಕುತ್ತಿದ್ದರು. ಒಮ್ಮೆ ನನ್ನ ಬೆರಳಿಗೂ ಹಾಕಿದ್ದರು. ಗಾಯ ಮಾಯ್ದ ಮೇಲೂ ಅದನ್ನು ಬಿಚ್ಚಲು ಮನಸ್ಸಾಗಿರಲಿಲ್ಲ.

ಗಣಿ ಧಣಿಗಳಿಗೆಂದು ಎಸಿ ರೂಮುಗಳಾದ ಮೇಲೆ ದೊಡ್ಡ ಡಾಕ್ಟರು ಅವರನ್ನು ಅಲ್ಲಿಗೆ ಹಾಕಿದರು. ಟಿವಿ ಹಚ್ಚುವುದು, ಫೋನ್ ಎತ್ತುವುದು, ನೋಡಲು ಬಂದವರಿಗೆ ಜ್ಯೂಸ್ ತರಿಸುವುದು. ನಮ್ಮ ಜನರಲ್ ವಾರ್ಡಿಗೆ ಓಡಿ ಬಂದು, ಯಾರ ಮುಖವನ್ನೂ ನೋಡದೆ ಸೂಜಿ ಚುಚ್ಚಿ ಓಡುತ್ತಿದ್ದರು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಚಹಾ ಹಿಡಿದು ಕುಳಿತಿದ್ದರು. ಹೋಗಿ ನಿಂತೆ.

"ಏನು ಹೊಳೆಮ್ಮ? ನೀನೂ ನನ್ನ ಕೈಗುಣ ಹೋತು ಅನ್ನಾಕ ಬಂದೀಯೇನು?"

"ಕೈ ಮೊದ್ಲಿನಂಗ ಐತ್ರಿ. ಮನಸ್ಸು ಇಲ್ಲಿಲ್ಲ."

ನಗಲು ಹೋದವರು ನಗಲಿಲ್ಲ. "ಸಂಡೂರು ಕಡೆ ಗಣಿ ದವಾಖಾನಿಗೆ ಕರದಾರ. ದಿನಾ ಗಾಯ ಕಟ್ಟೋದ ಕೆಲಸ." ಲೋಟ ತಿರುಗಿಸುತ್ತಾ ನನ್ನನ್ನೇ ನೋಡಿದರು. "ಬ್ಯಾಡ ಅನ್ನೋರು ಯಾರರ ಇದ್ರ, ಇಲ್ಲೇ ಇರ್ತಿದ್ದೆ."

'ಬ್ಯಾಡ' ಎಂಬ ಮಾತು ಗಂಟಲವರೆಗೆ ಬಂತು. ಒಳಗೆ ಜಂಬಪ್ಪಜ್ಜ ನರಳಿದ. ಇಲ್ಲೇ ಇದ್ದರೆ ಇವರು ದಿನವೂ ನನ್ನ ಕಣ್ಣೆದುರು ಇರುತ್ತಾರೆ. ಕಣ್ಣೆದುರೇ ದಿನವೂ ಒಂದಿಷ್ಟು ಬತ್ತುತ್ತಾರೆ.

"ಹೋಗ್ರಿ," ಎಂದೆ.

"ಅಷ್ಟ ಏನು?"

"ಅಷ್ಟರಿ."

ಹೋದರು.

ಆಮೇಲೆ ಆಸ್ಪತ್ರೆಯೆದುರು ಸಂಡೂರಿನ ಬಸ್ಸು ಬಂದು ನಿಂತಾಗಲೆಲ್ಲ ನಾನು ಕಿಟಕಿ ಒರೆಸಲು ಹೋಗುತ್ತಿದ್ದೆ. ಗಾಜು ಹೊಳೆಯುತ್ತಿತ್ತು. ಅವರು ಇಳಿಯುತ್ತಿರಲಿಲ್ಲ.

ಮಳೆಗಾಲ ಮುಗಿಯುವಾಗ ಗಾಳೆಪ್ಪ ಎಂಬ ಲಾರಿ ಡ್ರೈವರನನ್ನು ಸಂಡೂರಿನಿಂದ ಎಕ್ಸ್‌ರೇಗೆ ಕಳಿಸಿದರು. ಮೊಣಕಾಲಿಗೆ ಬ್ಯಾಂಡೇಜು. ಸಿಸ್ಟರ್ ಬಿಚ್ಚಲು ಹೋದರೆ ಕಾಲು ಹಿಂದಕ್ಕೆಳೆದುಕೊಂಡ.

"ತಡೀರಿ ಸಿಸ್ಟರ್. ಇದನ್ನ ಹೊಳೆಮ್ಮನ ಕೈಲೇ ಬಿಚ್ಚಿಸಬೇಕಂತ. ನಮ್ ಬ್ರದರ್ ಹೇಳ್ಯಾರ. ಏನ್ ಕೈಗುಣರಿ ಅವರ್ದು, ಕಾಲು ಮುರದು ಹೋದವರನ್ನೂ ನಗಿಸಿ ಕಳಿಸ್ತಾರ."

ನಾನು ಹತ್ತಿರ ಹೋದೆ. ಎರಡು ಬಿಳಿ ಕಿವಿಗಳು ನಿಗುರಿ ನಿಂತಿದ್ದವು. ಗಂಟು ಬಿಚ್ಚತೊಡಗಿದೆ.

"ನೀನೇನವಾ?" ಎಂದ ಗಾಳೆಪ್ಪ. "ಯಾವ ಹೊಳೆಮ್ಮ ಅಂತ ಕೇಳಿದ್ದೆ. 'ನನ್ನ ಒಮ್ಮೆನೂ ಬ್ರದರ್ ಅಂದಿಲ್ಲ ನೋಡು, ಆಕಿ' ಅಂದ್ರು."

ಸಿಸ್ಟರ್ ಕೆಮ್ಮಿದರು. ನನ್ನ ಕಿವಿ ಬಿಸಿಯಾಯಿತು.

"ಬರೋ ಸೋಮವಾರ ಅವರವ್ವ ಕಂಪ್ಲಿಗೆ, ನಿಮ್ಮ ಮನಿಗೆ ಬರ್ತಾರಂತ. ಬ್ಯಾಡ ಅನ್ನೋದಿದ್ರ ಈಗ ಹೇಳಿ ಕಳಿಸಬೇಕಂತ."

ಎಕ್ಸ್‌ರೇ ಮುಗಿದ ಮೇಲೆ ಸಿಸ್ಟರ್ ಬ್ಯಾಂಡೇಜನ್ನು ನನ್ನ ಕೈಗೇ ಕೊಟ್ಟರು. ನಿಧಾನವಾಗಿ ಸುತ್ತಿದೆ. ಕೊನೆಗೆ ಎರಡು ಕಿವಿ ಬಿಟ್ಟು ಗಂಟು ಹಾಕಿದೆ.

"ಅವರಿಗೆ ಏನಂತ ಹೇಳಲವಾ?"

"ಏನೂ ಹೇಳೋದು ಬ್ಯಾಡರಿ," ಎಂದೆ. "ಗಂಟು ಮಾತ್ರ ಅವರ ಕೈಲೇ ಬಿಚ್ಚಿಸ್ಕೊರಿ."