ಇನ್ನೂರು ಸಲ ಎಸೆದ ಹುಣಸೆ ಬೀಜ

ಸಂಜೆ ಐದರ ಸುಮಾರಿಗೆ ಸೊನ್ನ ರಸ್ತೆಯ ಬದಿಯಲ್ಲಿ ಹಣಮವ್ವ ಬಿದ್ದಿದ್ದಳು. ತಲೆ ಮೇಲಿದ್ದ ಮೇವಿನ ಹೊರೆ ಚೆಲ್ಲಾಪಿಲ್ಲಿ. ಎಡಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಟಂಟಂ ಆಟೋ ಓಡಿಸುವ ಇಮ್ರಾನ ಅವಳ ತಲೆಯನ್ನು ತೊಡೆ ಮೇಲಿಟ್ಟುಕೊಂಡು ನೀರು ಕುಡಿಸುತ್ತಿದ್ದ.

"ಗುದ್ದಿದಾವ ನೀನೇ ಏನಲೇ?" ಎಂದೆ. ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದ ಬಾಯಿ ನನ್ನದು. ಮೊದಲು ಬೈಯುತ್ತದೆ, ಆಮೇಲೆ ಕೇಳುತ್ತದೆ.

"ನಾ ಗುದ್ದಿದ್ರ ನಿಮಗ ಯಾಕ ಫೋನ್ ಮಾಡ್ತಿದ್ನಿರಿ ಸಾಬ್? ಕರೀ ಬೈಕ್. ಒಬ್ಬನೇ ಹುಡುಗ, ಮುಖಕ್ಕ ಟವೆಲ್ ಸುತ್ತಿದ್ದ. ಅವನೂ ಬಿದ್ದ. ಬೈಕ್ ಎತ್ಕೊಂಡು ಹಿಂದ ನೋಡದಾಂಗ ಹೋದ. ದೂರ ಇದ್ನಿ, ನಂಬರ್ ಕಾಣಲಿಲ್ಲ."

ಹಣಮವ್ವ ಕಣ್ಣು ತೆರೆದಳು. "ಎಮ್ಮಿಗಿ ಮೇವು ಹಾಕಿಲ್ಲೋ ಯಪ್ಪಾ" ಎಂದಳು. ಮುದುಕಿಯನ್ನು ಹೀಗೆ ಬಿಟ್ಟು ಹೋದವನು ಕೈಗೆ ಸಿಗಲಿ, ಆಮೇಲೆ ನೋಡಿಕೊಳ್ಳುತ್ತೇನೆ ಅಂದುಕೊಂಡೆ. ರಸ್ತೆಯ ಮೇಲೆ ಇಂಡಿಕೇಟರಿನ ಹಳದಿ ಚೂರುಗಳಿದ್ದವು. ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

* * *

ಬೈಕು ಸಿಕ್ಕಿದ್ದು ಅದೇ ರಾತ್ರಿ. ಅಫಜಲಪುರ ಅಂಥ ದೊಡ್ಡ ಊರೇನಲ್ಲ. ಕಾಲೇಜಿನ ಹಿಂದಿನ ಓಣಿಯಲ್ಲಿ, ಒಂದು ಬಾಡಿಗೆ ಕೋಣೆಯ ಮುಂದೆ ನಿಂತಿತ್ತು. ಎಡಗಡೆಯ ಇಂಡಿಕೇಟರ್ ಒಡೆದಿತ್ತು, ಎಡಗಡೆಯ ಫುಟ್‌ರೆಸ್ಟ್ ಬಾಗಿತ್ತು. ನನ್ನ ಹಳದಿ ಚೂರುಗಳು ಸರಿಯಾಗಿ ಕೂತವು.

ಕೋಣೆಯಲ್ಲಿ ಇಬ್ಬರು ಡಿಗ್ರಿ ಹುಡುಗರು. ಕಿಣ್ಣಿ ಸುಲ್ತಾನ ಊರಿನ ಶರಣಕುಮಾರ, ಜೇವರ್ಗಿ ಕಡೆಯ ಪ್ರಬುದ್ಧ. ಬೈಕು ಶರಣಕುಮಾರನ ಅಣ್ಣನದು. ಚಾವಿ ಬಾಗಿಲ ಹೊರಗಿನ ಮೊಳೆಗೆ ನೇತಾಡುತ್ತಿತ್ತು. ಇಬ್ಬರಲ್ಲಿ ಯಾರಿಗೆ ಬೇಕೋ ಅವರು ಒಯ್ಯುತ್ತಿದ್ದರು.

ನಮ್ಮ ಪಿಎಸ್ಐ ಸುವರ್ಣಾ ಮೇಡಂ ಇಬ್ಬರನ್ನೂ ನಿಲ್ಲಿಸಿ ಕೇಳಿದರು. "ಸಂಜಿಮುಂದ ಎಲ್ಲಿದ್ರಿ?"

"ನಾ ಇಲ್ಲೇ ಇದ್ನಿರಿ ಮೇಡಂ" ಎಂದ ಶರಣಕುಮಾರ. "ಬಾಗಿಲು ಹಾಕ್ಕೊಂಡು ಸ್ಟ್ಯಾಟಿಸ್ಟಿಕ್ಸ್ ಪ್ರಾಜೆಕ್ಟ್ ಮಾಡಾಕತ್ತಿದ್ನಿ. ಹುಣಸಿ ಬೀಜ ಇನ್ನೂರು ಸಲ ಎಸದು, ಬಿಳಿ ಮೈ ಬಿತ್ತೋ ಕರಿ ಮೈ ಬಿತ್ತೋ ಬರೀಬೇಕ್ರಿ. ನಾಕರಿಂದ ಆರರ ತನಕ ಇದೇ ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂತಿದ್ನಿ. ನೋಡ್ರಿ, ಎಲ್ಲಾ ಬರದೀನಿ."

ಹಾಳೆಯ ತುಂಬ ಬಿ, ಕ, ಬಿ, ಕ. ಬಿಳಿ ನೂರಾ ಒಂದು, ಕರಿ ತೊಂಬತ್ತೊಂಬತ್ತು.

"ನೀನು?"

"ಕೆನಾಲ್ ದಂಡಿಗಿ ಓಡಾಕ ಹೋಗಿದ್ನಿರಿ" ಎಂದ ಪ್ರಬುದ್ಧ. "ಒಬ್ಬನೇ. ಯಾರೂ ನೋಡಿಲ್ರಿ."

"ಅವನ ಮೊಣಕೈ ನೋಡ್ರಿ ಮೇಡಂ" ಎಂದ ಶರಣಕುಮಾರ, ತಲೆ ತಗ್ಗಿಸಿ.

ತೋಳು ಮಡಚಿಸಿದೆ. ಎರಡೂ ಮೊಣಕೈ ತರಚಿ ಹೋಗಿದ್ದವು. "ಗ್ರೌಂಡಿನಾಗ ಆದದ್ರಿ, ಪ್ರ್ಯಾಕ್ಟೀಸ್ ಮಾಡಾಗ" ಎಂದ ಪ್ರಬುದ್ಧ. ನಾನು ನಕ್ಕೆ. ಬೈಕಿನಿಂದ ಬಿದ್ದವನಿಗೆ ಗಾಯ ಆಗಿರಲೇಬೇಕು. ಇವನಿಗೆ ಗಾಯ ಆಗಿದೆ. ಮುಗಿಯಿತಲ್ಲ!

ಆದರೆ ಒಂದು ಸಂಕಟವಿತ್ತು. ಪ್ರಬುದ್ಧ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಪಾಸಾಗಿದ್ದ. ಅವನ ಮೇಲೆ ಯಾವ ಕೇಸೂ ಇಲ್ಲವೆಂದು ಬರೆಯಬೇಕಾದ ಫೈಲು ನನ್ನ ಟೇಬಲ್ಲಿನ ಮೇಲೇ ಇತ್ತು. ಈಗ ಅವನ ಹೆಸರು ಎಫ್ಐಆರ್‌ನಲ್ಲಿ ಬಿದ್ದರೆ ನೌಕರಿ ಹೋದಂತೆಯೇ. ಕೂಲಿ ಮಾಡಿ ಓದಿಸಿದ ತಾಯಿ ಪಂಚಶೀಲಾ ಮರುದಿನ ಬೆಳಿಗ್ಗೆಯೇ ಜೇವರ್ಗಿಯಿಂದ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು.

"ಹೆಸರು ಬರೀಲೇನ್ರಿ ಮೇಡಂ?" ಎಂದೆ.

"ಜರಾ ತಡೀರಿ ಸೈದಪ್ಪನೋರ. ಗ್ರೌಂಡಿಗಿ ಹೋಗಿ ಬರೂಣು."

* * *

ಗ್ರೌಂಡಿನಲ್ಲಿ ಹತ್ತು ಹನ್ನೆರಡು ಹುಡುಗರು ಬೆವರು ಸುರಿಸುತ್ತಿದ್ದರು. ಎಲ್ಲರೂ ಪೊಲೀಸ್, ಮಿಲಿಟರಿ ಅಂತ ಕನಸು ಕಂಡವರೇ. ಕಲ್ಲುನೆಲದ ಮೇಲೆ ಮೊಣಕೈ ಊರಿ ತೆವಳುತ್ತಿದ್ದರು.

"ತೋಳು ತೋರಸ್ರಪ್ಪಾ" ಎಂದರು ಮೇಡಂ.

ಒಬ್ಬೊಬ್ಬರೇ ತೋರಿಸಿದರು. ಇಬ್ಬರನ್ನು ಬಿಟ್ಟರೆ ಎಲ್ಲರ ಮೊಣಕೈಯೂ ತರಚಿತ್ತು.

ಮೇಡಂ ನನ್ನ ಕಡೆ ತಿರುಗಿದರು. "ಬೈಕಿನಿಂದ ಬಿದ್ದಾವಗ ಗಾಯ ಆಗ್ತದ, ಖರೆ. ಗಾಯ ಆದವರೆಲ್ಲಾ ಬೈಕಿನಿಂದ ಬಿದ್ದಾರೇನ್ರಿ? ಹಂಗಂದ್ರ ಇವರನ್ನೆಲ್ಲಾ ಲಾಕಪ್ಪಿಗಿ ಹಾಕ್ರಿ."

ನಾನು ಜೀಪು ಹತ್ತಿದೆ.

ಅಲ್ಲಿಂದ ಮತ್ತೆ ಕೋಣೆಗೆ. ಹುಡುಗರು ಕಾಲೇಜಿಗೆ ಹೋಗಿದ್ದರು, ಮನೆ ಮಾಲಕ ಬಾಗಿಲು ತೆಗೆದ. ಕುರ್ಚಿ ಇಲ್ಲ, ಟೇಬಲ್ ಇಲ್ಲ. ಕಿಟಕಿಯಲ್ಲಿ ಆ ಹುಣಸೆ ಬೀಜವಿತ್ತು. ಚೌಕಾಬಾರ ಆಡಲು ಮಾಡುವಂತೆ ಒಂದು ಮೈಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ್ದರು. ಇನ್ನೊಂದು ಮೈ ಕಪ್ಪು, ಗುಂಡಗೆ. ಮೇಡಂ ನೆಲದ ಮೇಲೆ ಕೂತು ಎಸೆದರು. ಬಿಳಿ. ಮತ್ತೆ ಬಿಳಿ. ಕರಿ. ಬಿಳಿ. ಬಿಳಿ. ನನಗೆ ಸಿಟ್ಟು ಬಂತು. ಅಲ್ಲಿ ಮುದುಕಿ ಆಸ್ಪತ್ರೆಯಲ್ಲಿ ನರಳುತ್ತಿದ್ದಾಳೆ, ಇಲ್ಲಿ ಇವರು ಆಟ ಆಡುತ್ತಾರೆ!

ಬಹಳ ಹೊತ್ತು ಎಸೆದ ಮೇಲೆ ಮೇಡಂ ಎದ್ದರು. "ಪಾಠ ಹೇಳೋ ಮಾಸ್ತರನ್ನ ಕರಸ್ರಿ. ಇಬ್ಬರು ಹುಡುಗರನ್ನೂ."

* * *

ಮಧ್ಯಾಹ್ನ ಎಲ್ಲರೂ ಠಾಣೆಯಲ್ಲಿ ಸೇರಿದರು. ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಗುರುನಾಥ ಸಣಕಲು ಮನುಷ್ಯ, ಪಾಪ, ಠಾಣೆ ಕಂಡೇ ಬೆವೆತಿದ್ದರು.

"ಬೀಜ ಯಾಕ್ರಿ ಸರ್? ನಾಣ್ಯ ಇರಲಿಲ್ಲೇನು?"

"ಈಗ ಯಾರ ಕಿಸೆದಾಗ ನಾಣ್ಯ ಅದ ಹೇಳ್ರಿ ಮೇಡಂ? ಎಲ್ಲಾ ಫೋನಿನ್ಯಾಗೇ. ಅದಕ್ಕ ಹುಣಸಿ ಬೀಜ ತರ್ರಿ ಅಂದ್ನಿ. ಎರಡು ಮೈ ಅದಾವ. ಅರ್ಧಕ್ಕರ್ಧ ಬರ್ತದ."

"ಪ್ರಬುದ್ಧ ಇದೇ ಬೀಜ ಹೋದ ವಾರ ಎಸದಾನಂತಲ್ಲ?"

"ಅದು ತಪ್ಪು ಬಂದದ್ರಿ. ಬಿಳಿ ನೂರಾ ಮೂವತ್ತೊಂದು ಅಂತ ಬರದಿದ್ದ. ಎಲ್ಲೋ ಲೆಕ್ಕ ಮರೆತಾನ, ಮತ್ತ ಮಾಡು ಅಂದ್ನಿ. ಶರಣಕುಮಾರಂದು ಭೇಷ್ ಬಂದದ."

"ಹಂಗಾರ ಎಲ್ಲಾರೂ ಸೇರಿ ಇನ್ನೊಮ್ಮೆ ಎಸಿಯೂಣು. ಶರಣಕುಮಾರ, ಮೊದಲು ನೀ ಕೂಡಪ್ಪಾ. ನಿನ್ನೆ ಕೂತಂಗ."

"ನಿಂತೇ ಎಸೀತೀನ್ರಿ."

"ನಿಂತು ಎಸದ್ರ ಬೀಜ ಎಲ್ಲೋ ಹಾರ್ತದ. ಕೂಡು."

ಅವನು ಗೋಡೆ ಹಿಡಿದು ಕೂತ. ಬಲಗಾಲು ಮಡಚಿತು. ಎಡಗಾಲು ಕೋಲಿನಂತೆ ಮುಂದೆ ಚಾಚಿಕೊಂಡಿತು. ಮಡಚಲು ಹೋದವನು ತುಟಿ ಕಚ್ಚಿದ. ಮೇಡಂ ನೋಡಿದರು, ಬೀಜವನ್ನು ಅವನ ಕೈಗಿತ್ತರು.

ಅವನು ಎಸೆದ, ಪ್ರಬುದ್ಧ ಎಸೆದ, ಮೇಷ್ಟ್ರು ಎಸೆದರು, ನಾನೂ ಎಸೆದೆ. ಇನ್ನೂರು ಮುಗಿದಾಗ ಬಿಳಿ ನೂರಾ ಇಪ್ಪತ್ತೇಳು.

ಮೇಷ್ಟ್ರು ಬೀಜವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಛೇ! ನಾಣ್ಯದ ಲೆಕ್ಕಾನ ಬೀಜಕ್ಕ ಹಚ್ಚಿಬಿಟ್ಟೆ. ಒಂದು ಮೈ ಚಪ್ಪಟಿ, ಒಂದು ಗುಂಡಗ. ಇದು ಅರ್ಧಕ್ಕರ್ಧ ಬೀಳೂದಾದ್ರೂ ಹೆಂಗ? ಪ್ರಬುದ್ಧ, ನಿಂದೇ ಖರೆ ಇತ್ತಪ್ಪಾ."

"ಅದೃಷ್ಟಾರಿ ಮೇಡಂ" ಎಂದ ಶರಣಕುಮಾರ. "ನಿನ್ನೆ ನನಗ ಹಂಗ ಬಿತ್ತು. ಏನ್ ಬೇಕಾದ್ರೂ ಬೀಳಬಹುದು."

"ಬೀಳಬಹುದೇನ್ರಿ ಸರ್?"

"ಸಾವಿರ ಮಂದಿ ಹೀಂಗ ಎಸದ್ರ ಒಬ್ಬಗ ಬಿದ್ರ ಬಿತ್ರಿ" ಎಂದರು ಮೇಷ್ಟ್ರು. ಆಮೇಲೆ ತಡೆದು ತಡೆದು ಹೇಳಿದರು. "ಆದ್ರ ಮೇಡಂ, ಮನಸ್ಸಿಗಿ ಬಂದಂಗ ಬರಕೊಂಡು ಬರೋ ಹುಡುಗರು ಭಾಳ ಅದಾರ. ಅದು ಮೈಗಳ್ಳತನ. ಅಷ್ಟಕ್ಕೇ ಮುದುಕಿಗಿ ಗುದ್ದಿದಾವ ಇವನೇ ಅನ್ನಾಕ ಬರಂಗಿಲ್ಲ."

ಬೆವರುತ್ತಿದ್ದ ಮನುಷ್ಯ ಇಷ್ಟು ನೆಟ್ಟಗೆ ಮಾತಾಡಿದ್ದು ಕಂಡು ನನಗೆ ಖುಷಿಯಾಯಿತು.

"ಬರೋಬ್ಬರಿ" ಎಂದರು ಮೇಡಂ. "ಗಾಯ ಒಂದೇ ಹಿಡಕೊಂಡು ಪ್ರಬುದ್ಧನ ಮ್ಯಾಲ ಬಿದ್ದಂಗ, ಹಾಳಿ ಒಂದೇ ಹಿಡಕೊಂಡು ಇವನ ಮ್ಯಾಲ ಬೀಳಬಾರದು. ಆದ್ರ ನಾಕರಿಂದ ಆರರ ತನಕ ಬೀಜ ಎಸದ್ನಿ ಅಂದಾವ ಎಸದಿಲ್ಲ. ಅಂದ್ರ ಆ ಹೊತ್ತಿನ್ಯಾಗ ಎಲ್ಲಿದ್ದ? ನಿನ್ನೆ ಎರಡು ತಾಸು ಚಕ್ಕಳಮಕ್ಕಳ ಹಾಕಿದ್ನಿ ಅಂದಾವಗ ಇವತ್ತು ಎಡಗಾಲು ಮಡಚಾಕ ಬರವಲ್ಲದು. ಬೈಕು ಎಡಕ್ಕೇ ಬಿದ್ದದ. ಇವನು ಗ್ರೌಂಡಿಗಿ ಹೋಗಾವೂ ಅಲ್ಲ. ಒಂದೊಂದೇ ಆಗಿದ್ರ ಬಿಡ್ತಿದ್ನಿ. ಮೂರೂ ಕೂಡಿ ಒಬ್ಬನ ಮ್ಯಾಲೇ ಬರೂದು ಎಷ್ಟು ಸಲ ಆಗ್ತದ? ಸೈದಪ್ಪನೋರ, ಪ್ಯಾಂಟ್ ಮ್ಯಾಲ ಮಾಡ್ರಿ."

ಮಡಚಿದೆ. ಮೊಣಕಾಲು ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು. ನಿನ್ನೆ ಒಬ್ಬನ ಮೈಮೇಲೆ ಗಾಯ ಕಂಡದ್ದೇ ತಡ, ಇನ್ನೊಬ್ಬನ ಮೈ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ನಾಚಿಕೆಯಾಯಿತು.

ಶರಣಕುಮಾರ ಹಾಗೇ ಕುಸಿದ. "ಸೊನ್ನ ಬ್ಯಾರೇಜಿನ ನೀರು ನೋಡಾಕ ಹೋಗಿದ್ನಿರಿ. ಬರಾಗ ಆ ಮುದುಕಿ ಅಡ್ಡ ಬಂದಳು. ಹೆದರಿಕಿ ಆತು, ಓಡಿಬಂದ್ನಿ. ಹಾಳಿ ಬಂದ ಮ್ಯಾಲ ಬರದ್ನಿ. ನಿಮ್ಮ ಕಣ್ಣು ನನ್ನ ಕಡಿ ಬರಬಾರದು ಅನಿಸ್ತು. ಅದಕ್ಕ ಇವನ ಮೊಣಕೈ ತೋರಿಸಿದ್ನಿರಿ."

ಪ್ರಬುದ್ಧ ಗೆಳೆಯನ ಎದುರು ಕುಕ್ಕರಗಾಲಲ್ಲಿ ಕೂತ.

"ಲೇ ಶರಣ್ಯಾ, ಈ ಮೊಣಕೈಗಿ ದಿನಾ ಸಂಜಿಗಿ ಅರಿಷಿಣ ಹಚ್ಚಾವ ನೀನೇ ಅಲ್ಲೇನಲೇ? ಇದು ಎಲ್ಲಿ ಆದದ್ದು ಅಂತ ನಿನ್ನಷ್ಟು ಯಾರಿಗಿ ಗೊತ್ತಿತ್ತು?"

ಶರಣಕುಮಾರ ಮುಖ ಎತ್ತಲಿಲ್ಲ. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

* * *

ಎಫ್ಐಆರ್‌ನಲ್ಲಿ ಶರಣಕುಮಾರನ ಹೆಸರು ಬರೆದೆ. ಆಮೇಲೆ ಇನ್ನೊಂದು ಫೈಲು ತೆಗೆದು, ಪ್ರಬುದ್ಧನ ಮೇಲೆ ಯಾವುದೇ ಪ್ರಕರಣ ಇಲ್ಲ ಎಂದು ಬರೆದು ಮೇಡಂ ಮುಂದೆ ಹಿಡಿದೆ. ಅವರು ಸಹಿ ಹಾಕಿದರು. ಹೊರಗೆ ಮೆಟ್ಟಿಲ ಮೇಲೆ ಪಂಚಶೀಲಾಗೆ ನಾನೇ ಹೋಗಿ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೇಲೆದ್ದಳು.

ಪ್ರಬುದ್ಧ ತಾಯಿಯ ಕಡೆ ಹೊರಟವನು ಬಾಗಿಲಲ್ಲಿ ನಿಂತ.

"ಮೇಡಂ, ಅವನ ಕಾಲು ಭಾಳ ಬಾತದ್ರಿ. ಮೊದಲು ದವಾಖಾನಿಗಿ ಕರಕೊಂಡು ಹೋಗ್ರಿ."

ನಾನು ಶರಣಕುಮಾರನ ರಟ್ಟೆ ಹಿಡಿದು ಎಬ್ಬಿಸಿದೆ. ಅಷ್ಟು ಹೊತ್ತು ತಡೆದುಕೊಂಡಿದ್ದವನು ಆಗ ಬಿಕ್ಕಿ ಬಿಕ್ಕಿ ಅಳತೊಡಗಿದ.